ಟೆಟ್ರಾಹೈಡ್ರೋಫ್ಯೂರಾನ್ ಅಲಿಯಾಸ್ ಟಿಎಚ್‌ಎಫ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್‌ಗೆ ಹೊಸದಾಗಿ ಸೇರಿದವರು ಕೇಳೋ ಪ್ರಶ್ನೆಗಳಲ್ಲಿ ಎಷ್ಟೋ ಈ ಒಂದು ಸಾಲ್ವೆಂಟ್ (ರಿಯಾಕ್ಷನ್ ನಡೆಸೋಕೆ ಬೇರೆ ವಸ್ತು ಕರಗಿಸೋ ದ್ರವ) ಬಗ್ಗೇನೇ ಇರುತ್ತೆ. ಎಷ್ಟೋ ವರ್ಷದಿಂದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳ್ತಾ ಬಂದಿದ್ದನ್ನ ಇಲ್ಲಿ ಒಂದೇ ಕಡೆ ಬರೆದಿಟ್ಟಿದೀನಿ. ಓದೋವಾಗ ಒಂದು ವಿಷಯ ಮಾತ್ರ ತಲೇಲಿ ಇಟ್ಕೊಳ್ಳಿ: ಟಿಎಚ್‌ಎಫ್ ಮಾಡೋ ಒಳ್ಳೇದು ಕೆಟ್ಟದ್ದು ಎರಡೂ ಹುಟ್ಟೋದು ಒಂದೇ ಜಾಗದಲ್ಲಿ, ರಿಂಗ್‌ನಲ್ಲಿರೋ ಆಕ್ಸಿಜನ್ ಮತ್ತೆ ಅದರ ಅಕ್ಕಪಕ್ಕದ ಎರಡು ಕಾರ್ಬನ್ ಹತ್ರ.

ಟಿಎಚ್‌ಎಫ್ ಅಂದ್ರೆ ಏನು?

ಐದು ಪರಮಾಣುಗಳ ರಿಂಗ್, ನಾಲ್ಕು ಕಾರ್ಬನ್, ಒಂದು ಆಕ್ಸಿಜನ್, ಸುತ್ತ ಎಂಟು ಹೈಡ್ರೋಜನ್. ಡಬಲ್ ಬಾಂಡ್ ಒಂದೂ ಇಲ್ಲ. ನೋಡೋಕೆ ನೀರಿನಂಥ ದ್ರವ, ಈಥರ್ ತರ ವಾಸನೆ. ಮಾಲಿಕ್ಯುಲರ್ ವೇಟ್ 72.11, ಕುದಿಯೋದು 66 ಡಿಗ್ರಿ ಸೆಲ್ಸಿಯಸ್‌ಗೆ, ಗಟ್ಟಿಯಾಗೋದು ಮೈನಸ್ 108 ಡಿಗ್ರಿಗೆ, ಡೆನ್ಸಿಟಿ 0.889. ಅಂದ್ರೆ ಡ್ರೈ ಐಸ್ ಅಸಿಟೋನ್ ಬಾತ್‌ನಲ್ಲಿ ಮೈನಸ್ 78ಕ್ಕೆ ಇಳಿಸಿದ್ರೂ ಆರಾಮಾಗಿ ದ್ರವವಾಗೇ ಇರುತ್ತೆ, ಆಮೇಲೆ ಅದೇ ಫ್ಲಾಸ್ಕನ್ನ 66ರವರೆಗೂ ಬಿಸಿ ಮಾಡಬಹುದು. ಇಷ್ಟು ಅಗಲವಾದ ರೇಂಜ್ ಸಿಗೋದೇ ಇದನ್ನ ಜನ ಇಷ್ಟಪಡೋಕೆ ಒಂದು ಕಾರಣ.

ರಿಂಗ್ ಚಪ್ಪಟೆ ಅಂತ ಪೇಪರ್ ಮೇಲೆ ಬರೀತೀವಿ ಆದ್ರೆ ನಿಜವಾಗ್ಲೂ ಹಾಗಿರಲ್ಲ. ಒಂದು ಪರಮಾಣು ಮೇಲಕ್ಕೆ ಎದ್ದಿರುತ್ತೆ, ಲಕೋಟೆ ಮುಚ್ಚಳ ತೆರೆದಿಟ್ಟ ಹಾಗೆ. ಯಾವ ಪರಮಾಣು ಎದ್ದಿರುತ್ತೆ ಅನ್ನೋದು ಕ್ಷಣಕ್ಷಣಕ್ಕೂ ಬದಲಾಗ್ತಾ ಅಲೆ ತರ ರಿಂಗ್ ಸುತ್ತ ಓಡಾಡ್ತಿರುತ್ತೆ, ಅದಕ್ಕೆ ಬೇಕಾದ ಎನರ್ಜಿ ತುಂಬಾ ಕಮ್ಮಿ.

ಈ ಹೆಸರು ಎಲ್ಲಿಂದ ಬಂತು?

ಲ್ಯಾಟಿನ್‌ನಲ್ಲಿ ಫರ್ಫರ್ ಅಂದ್ರೆ ತೌಡು. ಧಾನ್ಯದ ತೌಡು, ಸಿಪ್ಪೆ ಇಂಥದ್ದನ್ನ ಆಸಿಡ್ ಹಾಕಿ ಕುದಿಸಿದ್ರೆ ಫರ್ಫ್ಯೂರಾಲ್ ಅನ್ನೋ ಆಲ್ಡಿಹೈಡ್ ಬರುತ್ತೆ, ಅದನ್ನ ಮೊದಲು ಗಮನಿಸಿದ್ದು ಜರ್ಮನಿಯ ಡೋಬರೈನರ್, 1832ರಲ್ಲಿ ಅದರ ಬಗ್ಗೆ ಪ್ರಕಟ ಮಾಡಿದ್ರು. ಅದಕ್ಕೂ ಮುಂಚೆ 1780ರಲ್ಲೇ ಶೀಲೆ ಈ ಕುಟುಂಬದ ಒಂದು ಆಸಿಡ್ ಮಾಡಿದ್ರು. ಬರೀ ಫ್ಯೂರಾನ್ ರಿಂಗನ್ನ ಬೇರೆ ತೆಗೆದು ತೋರಿಸಿದ್ದು ಲಿಂಪ್ರಿಕ್ಟ್, 1870ರಲ್ಲಿ. ಆ ಫ್ಯೂರಾನ್‌ಗೆ ನಾಲ್ಕು ಹೈಡ್ರೋಜನ್ ಸೇರಿಸಿದ್ರೆ ಟೆಟ್ರಾ-ಹೈಡ್ರೋ-ಫ್ಯೂರಾನ್. ಸಿಸ್ಟಮ್ಯಾಟಿಕ್ ಹೆಸರು ಆಕ್ಸೋಲೇನ್, ಬಾಟಲ್ ಮೇಲೆ ಹಾಗೆ ಬರೆದಿದ್ರೆ ಗಾಬರಿ ಬೇಡ, ಎರಡೂ ಒಂದೇ.

ಬಯಾಲಜಿ ಕಡೆಯವರು ಟಿಎಚ್‌ಎಫ್ ಅಂದ್ರೆ ಅದು ಟೆಟ್ರಾಹೈಡ್ರೋಫೋಲೇಟ್, ಫೋಲಿಕ್ ಆಸಿಡ್‌ಗೆ ಸಂಬಂಧಿಸಿದ್ದು. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ಫ್ಯೂರಾನ್‌ಗೂ ಟಿಎಚ್‌ಎಫ್‌ಗೂ ನಾಲ್ಕು ಹೈಡ್ರೋಜನ್ ತಾನೇ ವ್ಯತ್ಯಾಸ, ಗುಣ ಯಾಕೆ ಅಷ್ಟು ಬೇರೆ?

ಆಕ್ಸಿಜನ್ ತನ್ನ ಲೋನ್ ಪೇರನ್ನ (ಬಾಂಡ್ ಮಾಡದೆ ಉಳಿದಿರೋ ಎಲೆಕ್ಟ್ರಾನ್ ಜೋಡಿ) ಏನು ಮಾಡ್ತಿದೆ ಅಂತ ನೋಡಿದ್ರೆ ಉತ್ತರ ಅಲ್ಲೇ ಇದೆ. ಫ್ಯೂರಾನ್‌ನಲ್ಲಿ ಎರಡು ಡಬಲ್ ಬಾಂಡ್‌ಗಳ ನಾಲ್ಕು ಎಲೆಕ್ಟ್ರಾನ್ ಜೊತೆ ಆಕ್ಸಿಜನ್ ತನ್ನ ಒಂದು ಲೋನ್ ಪೇರ್ ಕೊಟ್ಟು ಆರು ಎಲೆಕ್ಟ್ರಾನ್‌ನ ಆರೊಮ್ಯಾಟಿಕ್ (ರಿಂಗ್ ಪೂರ್ತಿ ಹರಡಿ ಸ್ಥಿರವಾಗಿರೋ) ವ್ಯವಸ್ಥೆ ಮಾಡ್ಕೊಂಡಿರುತ್ತೆ. ಕೊಟ್ಟಿರೋ ಜೋಡಿ ಬೇರೆ ಲೋಹಕ್ಕೆ, ಪ್ರೋಟಾನ್‌ಗೆ ಸುಲಭಕ್ಕೆ ಸಿಗಲ್ಲ. ಅದಕ್ಕೇ ಫ್ಯೂರಾನ್ ತುಂಬಾ ದುರ್ಬಲ ಡೋನರ್ (ಎಲೆಕ್ಟ್ರಾನ್ ಜೋಡಿ ಕೊಡೋದು), ಡೈಪೋಲ್ ಮೊಮೆಂಟ್ (ಅಣುವಿನಲ್ಲಿ ಚಾರ್ಜ್ ಎಷ್ಟು ಒಂದು ಕಡೆ ವಾಲಿದೆ ಅನ್ನೋ ಅಳತೆ) ಬರೀ 0.7 ಡಿಬೈ, ಕುದಿಯೋದು 31 ಡಿಗ್ರಿಗೆ. ಟಿಎಚ್‌ಎಫ್‌ನಲ್ಲಿ ಎರಡೂ ಲೋನ್ ಪೇರ್ ಆಕ್ಸಿಜನ್ ಹತ್ರಾನೇ ಇವೆ, ಯಾರಿಗೆ ಬೇಕಾದ್ರೂ ಕೊಡೋಕೆ ತಯಾರು, ಡೈಪೋಲ್ 1.75.

ಹಾಗಂತ ಫ್ಯೂರಾನ್ ಬೆಂಜೀನ್ ಅಷ್ಟು ಗಟ್ಟಿ ಆರೊಮ್ಯಾಟಿಕ್ ಅಂದ್ಕೋಬೇಡಿ. ಬೆಂಜೀನ್ ರೆಸೊನೆನ್ಸ್ ಎನರ್ಜಿ (ಆರೊಮ್ಯಾಟಿಕ್ ಆಗಿರೋದ್ರಿಂದ ಸಿಗೋ ಸ್ಥಿರತೆ) ಸುಮಾರು 150 ಕಿಲೋಜೂಲ್, ಫ್ಯೂರಾನ್‌ದು ಅದರ ಅರ್ಧಕ್ಕಿಂತ ಕಮ್ಮಿ, 67 ಆಸುಪಾಸು. ಆಕ್ಸಿಜನ್‌ಗೆ ಎಲೆಕ್ಟ್ರಾನ್ ಬಿಟ್ಟುಕೊಡೋಕೆ ಅಷ್ಟು ಮನಸ್ಸಿಲ್ಲ ಅಂತ ಇಟ್ಕೊಳ್ಳಿ. ಅದಕ್ಕೇ ಫ್ಯೂರಾನ್ ಡೀಲ್ಸ್-ಆಲ್ಡರ್ ರಿಯಾಕ್ಷನ್‌ನಲ್ಲಿ ಡೈಈನ್ (ಎರಡು ಡಬಲ್ ಬಾಂಡ್ ಇರೋ ಅಣು) ತರ ನಡ್ಕೊಳ್ಳುತ್ತೆ, ಮೆಲಿಕ್ ಅನ್‌ಹೈಡ್ರೈಡ್ ಜೊತೆ ರೂಮ್ ಟೆಂಪರೇಚರ್‌ನಲ್ಲೇ ಸೇರುತ್ತೆ, ಬಿಸಿ ಮಾಡಿದ್ರೆ ವಾಪಸ್ ಬಿಟ್ಕೊಳ್ಳುತ್ತೆ. ಬೆಂಜೀನ್ ಹಾಗೆಲ್ಲ ಸುಲಭಕ್ಕೆ ಬಗ್ಗಲ್ಲ.

ಡೈಈಥೈಲ್ ಈಥರ್ ಇದ್ದಾಗ ಇದ್ಯಾಕೆ ಬೇಕು? ಎರಡೂ ಈಥರೇ ಅಲ್ವಾ?

ಈ ಪ್ರಶ್ನೆ ನಂಗೆ ತುಂಬಾ ಇಷ್ಟ. ಎರಡರಲ್ಲೂ ನಾಲ್ಕು ಕಾರ್ಬನ್ ಒಂದು ಆಕ್ಸಿಜನ್. ಡೈಈಥೈಲ್ ಈಥರ್‌ನಲ್ಲಿ ಎರಡು ಈಥೈಲ್ ಗುಂಪುಗಳು ಬಾಲದ ತರ ಸುಮ್ನೆ ಅಲ್ಲಾಡ್ತಾ ತಿರುಗ್ತಾ ಆಕ್ಸಿಜನ್‌ನ ಮುಂದೇನೇ ಅಡ್ಡ ಬರ್ತಿರುತ್ತವೆ. ಟಿಎಚ್‌ಎಫ್‌ನಲ್ಲಿ ಆ ಎರಡು ಬಾಲಗಳ ತುದಿ ಸೇರಿಸಿ ಹಿಂದಕ್ಕೆ ಗಂಟು ಹಾಕಿದ ಹಾಗೆ, ಆಕ್ಸಿಜನ್ ಪೂರ್ತಿ ಮುಂದಕ್ಕೆ ಚಾಚಿಕೊಂಡಿರುತ್ತೆ. ಗುಟ್‌ಮನ್ ಡೋನರ್ ನಂಬರ್ (ಎಲೆಕ್ಟ್ರಾನ್ ಜೋಡಿ ಕೊಡೋ ಶಕ್ತಿಯ ಅಳತೆ) ನೋಡಿದ್ರೆ ಟಿಎಚ್‌ಎಫ್ 20.0, ಈಥರ್ 19.2, ಅಂಥಾ ವ್ಯತ್ಯಾಸ ಏನಿಲ್ಲ ಅನ್ಸುತ್ತೆ. ಆದ್ರೆ ಮೆಗ್ನೀಷಿಯಂ, ಲಿಥಿಯಂ ಇಂಥ ಸಣ್ಣ ಅಯಾನ್ ಸುತ್ತ ಎರಡೋ ನಾಲ್ಕೋ ಸಾಲ್ವೆಂಟ್ ಅಣುಗಳು ಒತ್ತೊತ್ತಾಗಿ ಕೂರಬೇಕಾದಾಗ ಜಾಗದ ಲೆಕ್ಕ ಬರುತ್ತೆ, ಅಲ್ಲಿ ಟಿಎಚ್‌ಎಫ್ ಗೆಲ್ಲುತ್ತೆ. ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಅಯಾನ್‌ಗಳನ್ನ ಬೇರೆಬೇರೆಯಾಗಿ ಇಡೋ ಶಕ್ತಿಯ ಅಳತೆ) ಕೂಡ 7.5, ಈಥರ್‌ದು 4.3 ಅಷ್ಟೇ.

ನೀರಿನ ವಿಷಯದಲ್ಲೂ ಇದೇ ಕಥೆ. ಈಥರ್ ನೀರಿನಲ್ಲಿ 100 ಎಂಎಲ್‌ಗೆ ಆರೇಳು ಗ್ರಾಂ ಕರಗುತ್ತೆ, ಟಿಎಚ್‌ಎಫ್ ಎಷ್ಟು ಹಾಕಿದ್ರೂ ಬೆರೆತು ಹೋಗುತ್ತೆ. ಹೊರಗೆ ಚಾಚಿರೋ ಆಕ್ಸಿಜನ್‌ಗೆ ನೀರು ಹೈಡ್ರೋಜನ್ ಬಾಂಡ್ ಮಾಡೋದು ಸುಲಭ ಅಲ್ವಾ, ಅದಕ್ಕೆ.

ರಿಂಗ್ ಅಂದ ಮೇಲೆ ಎಪಾಕ್ಸೈಡ್ ತರ ಒಡೆದು ಹೋಗಲ್ವಾ?

ಸಾಮಾನ್ಯವಾಗಿ ಒಡೆಯಲ್ಲ, ಇಲ್ಲಾಂದಿದ್ರೆ ಸಾಲ್ವೆಂಟ್ ಆಗಿ ಬಳಸೋಕೆ ಆಗ್ತಿರಲಿಲ್ಲ. ಮೂರು ಪರಮಾಣುಗಳ ಎಪಾಕ್ಸೈಡ್ ರಿಂಗ್‌ನಲ್ಲಿ ಸ್ಟ್ರೇನ್ (ಬಾಂಡ್‌ಗಳು ಬಗ್ಗಿರೋದ್ರಿಂದ ಒಳಗೆ ತುಂಬಿರೋ ಒತ್ತಡ) ಸುಮಾರು 114 ಕಿಲೋಜೂಲ್, ನಾಲ್ಕರ ಆಕ್ಸಿಟೇನ್‌ನಲ್ಲಿ 107, ಐದರ ಟಿಎಚ್‌ಎಫ್‌ಗೆ ಬಂದ ತಕ್ಷಣ 23-25ಕ್ಕೆ ಇಳಿದುಬಿಡುತ್ತೆ. ಬಾಣ ಬಿಡೋಕೆ ಎಳೆದು ಹಿಡಿದ ಬಿಲ್ಲಿಗೂ ಹೆದೆ ಸಡಿಲ ಬಿಟ್ಟ ಬಿಲ್ಲಿಗೂ ಇರೋ ವ್ಯತ್ಯಾಸ. ಹಾಗಾಗಿ ಗ್ರಿನ್ಯಾರ್ಡ್ ರಿಯೇಜೆಂಟ್ (ಕಾರ್ಬನ್-ಮೆಗ್ನೀಷಿಯಂ ಬಾಂಡ್ ಇರೋದು) ಎಪಾಕ್ಸೈಡನ್ನ ಒಡೆಯುತ್ತೆ, ಟಿಎಚ್‌ಎಫ್‌ನಲ್ಲಿ ಸುಮ್ನೆ ಕರಗಿ ಕೂತಿರುತ್ತೆ.

ಆದ್ರೆ ಸ್ವಲ್ಪ ಸ್ಟ್ರೇನ್ ಇದೆ ಅನ್ನೋದನ್ನ ಮರೀಬೇಡಿ, ಆಕ್ಸಿಜನ್ ಮೇಲೆ ಪಾಸಿಟಿವ್ ಚಾರ್ಜ್ ಕೂರಿಸಿದ್ರೆ ಪಕ್ಕದ ಕಾರ್ಬನ್ ದಾಳಿಗೆ ತೆರೆದುಕೊಳ್ಳುತ್ತೆ. ಹೈಡ್ರೋಅಯೋಡಿಕ್ ಆಸಿಡ್ ಹಾಕಿ ಬಿಸಿ ಮಾಡಿದ್ರೆ 1,4-ಡೈಅಯೋಡೋಬ್ಯುಟೇನ್ ಬರುತ್ತೆ. ಅಸಿಟೈಲ್ ಕ್ಲೋರೈಡ್ ಜೊತೆ ಸ್ವಲ್ಪ ಜಿಂಕ್ ಕ್ಲೋರೈಡ್ ಹಾಕಿದ್ರೆ 4-ಕ್ಲೋರೋಬ್ಯುಟೈಲ್ ಅಸಿಟೇಟ್. ಟ್ರಿಫ್ಲಿಕ್ ಅನ್‌ಹೈಡ್ರೈಡ್‌ನಂಥ ಜೋರಾದ ಎಲೆಕ್ಟ್ರೋಫೈಲ್ (ಎಲೆಕ್ಟ್ರಾನ್ ಹುಡುಕೋ ರಿಯೇಜೆಂಟ್) ಟಿಎಚ್‌ಎಫ್‌ಗೆ ಬಿದ್ರೆ ಒಂದು ರಿಂಗ್ ಇನ್ನೊಂದನ್ನ ತೆರೆದು, ಅದು ಮತ್ತೊಂದನ್ನ ತೆರೆದು, ಸರಪಳಿ ಬೆಳೀತಾ ಹೋಗಿ ಫ್ಲಾಸ್ಕ್ ಒಳಗಿರೋದೆಲ್ಲ ಜೆಲ್ ತರ ಗಟ್ಟಿಯಾಗುತ್ತೆ, ಸ್ಟಿರರ್ ನಿಂತೋಗುತ್ತೆ. ಟ್ರಿಫ್ಲೇಟ್ ಮಾಡೋಕೆ ಡೈಕ್ಲೋರೋಮೀಥೇನ್ ತಗೊಳ್ಳಿ, ಟಿಎಚ್‌ಎಫ್ ಬೇಡ.

ಆ ಪಾಲಿಮರ್‌ನಿಂದ ಏನಾದ್ರೂ ಉಪಯೋಗ ಇದ್ಯಾ?

ಲ್ಯಾಬ್‌ನಲ್ಲಿ ಅದು ತಲೆನೋವು, ಫ್ಯಾಕ್ಟರಿಯಲ್ಲಿ ಅದೇ ಮುಖ್ಯ ಕೆಲಸ. ರಿಂಗ್ ತೆರೆದು ಉದ್ದಕ್ಕೆ ಜೋಡಿಸಿದ ಪಾಲಿಟಿಎಚ್‌ಎಫ್, ಎರಡೂ ತುದೀಲಿ ಓಎಚ್ ಇರೋದು, ಅದನ್ನ ಡೈಐಸೋಸಯನೇಟ್ ಜೊತೆ ಸೇರಿಸಿದ್ರೆ ಸ್ಪ್ಯಾಂಡೆಕ್ಸ್ ನೂಲು. ಎಳೆದ್ರೆ ಹಿಗ್ಗಿ ಬಿಟ್ರೆ ವಾಪಸ್ ಹೋಗೋ ಬಟ್ಟೆಯಲ್ಲಿ ಹಿಗ್ಗೋ ಭಾಗ ಈ ಮೆತ್ತನೆಯ ಸರಪಳಿ. ಸ್ಪ್ಯಾಂಡೆಕ್ಸ್ ಕಂಡುಹಿಡಿದಿದ್ದು ಡುಪಾಂಟ್‌ನ ಜೋಸೆಫ್ ಶಿವರ್ಸ್, 1958ರಲ್ಲಿ. ಸ್ಟ್ರೇನ್ ಕಮ್ಮಿ ಇರೋದ್ರಿಂದ ಈ ಪಾಲಿಮರ್ ರಿಯಾಕ್ಷನ್ ಎರಡೂ ಕಡೆ ಹೋಗೋಕೆ ರೆಡಿ, 80 ಡಿಗ್ರಿ ದಾಟಿದ ಮೇಲೆ ಸರಪಳಿ ಬೆಳೆಯೋದಕ್ಕಿಂತ ಬಿಚ್ಚಿಕೊಳ್ಳೋದೇ ಜಾಸ್ತಿ, ಹಾಗಾಗಿ ತಣ್ಣಗೆ ನಡೆಸಬೇಕು.

ಟಿಎಚ್‌ಎಫ್‌ನ ಹೇಗೆ ತಯಾರಿಸ್ತಾರೆ?

ದೊಡ್ಡ ಪ್ರಮಾಣದಲ್ಲಿ 1,4-ಬ್ಯುಟೇನ್‌ಡಯೋಲ್‌ನಿಂದ ಆಸಿಡ್ ಕ್ಯಾಟಲಿಸ್ಟ್ ಬಳಸಿ ಒಂದು ನೀರಿನ ಅಣು ತೆಗೆದುಬಿಟ್ರೆ ರಿಂಗ್ ಮುಚ್ಚಿಕೊಳ್ಳುತ್ತೆ. ಆ ಡಯೋಲ್‌ಗೆ ಹಳೇ ದಾರಿ ವಾಲ್ಟರ್ ರೆಪ್ಪೆ ಅವರದ್ದು, ಅಸಿಟಿಲೀನ್‌ಗೆ ಎರಡು ಫಾರ್ಮಾಲ್ಡಿಹೈಡ್ ಸೇರಿಸಿ ಆಮೇಲೆ ಹೈಡ್ರೋಜನ್ ಹಾಯಿಸೋದು. ಇನ್ನೊಂದು ದಾರಿ ಬ್ಯುಟೇನ್ ಗ್ಯಾಸನ್ನ ಮೆಲಿಕ್ ಅನ್‌ಹೈಡ್ರೈಡ್ ಮಾಡಿ ಅದನ್ನ ಹೈಡ್ರೋಜನೇಟ್ ಮಾಡೋದು. ತೌಡಿನ ದಾರಿ ಕೂಡ ಇದೆ: ಫರ್ಫ್ಯೂರಾಲ್‌ನಿಂದ ಕಾರ್ಬನ್ ಮೊನಾಕ್ಸೈಡ್ ಹೊರಗೆ ಹಾಕಿದ್ರೆ ಫ್ಯೂರಾನ್, ಅದಕ್ಕೆ ಹೈಡ್ರೋಜನ್ ಕೊಟ್ರೆ ಟಿಎಚ್‌ಎಫ್.

ಗ್ರಿನ್ಯಾರ್ಡ್ ರಿಯಾಕ್ಷನ್‌ಗೆ ಟಿಎಚ್‌ಎಫ್ ಯಾವಾಗ, ಈಥರ್ ಯಾವಾಗ?

ವಿಕ್ಟರ್ ಗ್ರಿನ್ಯಾರ್ಡ್ 1900ರಲ್ಲಿ ಈ ರಿಯೇಜೆಂಟ್ ಮಾಡಿದ್ದು ಈಥರ್‌ನಲ್ಲೇ, 1912ರಲ್ಲಿ ನೊಬೆಲ್ ಬಂತು. ಆಲ್ಕೈಲ್ ಬ್ರೋಮೈಡ್, ಫೀನೈಲ್ ಬ್ರೋಮೈಡ್ ಇವಕ್ಕೆಲ್ಲ ಈಥರ್ ಸಾಕು. ಆದ್ರೆ ವಿನೈಲ್ ಹ್ಯಾಲೈಡ್ (ಡಬಲ್ ಬಾಂಡ್‌ನ ಕಾರ್ಬನ್‌ಗೇ ಹ್ಯಾಲೊಜನ್ ಅಂಟಿರೋದು), ಕ್ಲೋರೋಬೆಂಜೀನ್ ಇಂಥವು ಈಥರ್‌ನಲ್ಲಿ ಮೆಗ್ನೀಷಿಯಂ ಕಡೆ ತಿರುಗಿಯೂ ನೋಡ್ತಿರಲಿಲ್ಲ. 1950ರ ದಶಕದಲ್ಲಿ ಫ್ರಾನ್ಸ್‌ನ ಅಂರಿ ನೊರ್ಮಾಂ ಸಾಲ್ವೆಂಟ್ ಬದಲಾಯಿಸಿ ಟಿಎಚ್‌ಎಫ್ ಹಾಕಿದ್ರು, ವಿನೈಲ್ ಗ್ರಿನ್ಯಾರ್ಡ್ ಬಂತು. ಅಲ್ಲಿವರೆಗೂ ಆಗಲ್ಲ ಅಂದ್ಕೊಂಡಿದ್ದ ಒಂದು ಇಡೀ ವರ್ಗದ ರಿಯೇಜೆಂಟ್ ಬರೀ ಸಾಲ್ವೆಂಟ್ ಬದಲಾವಣೆಯಿಂದ ಕೈಗೆ ಸಿಕ್ತು ಅನ್ನೋದು ನನಗೆ ಈಗ್ಲೂ ರೋಮಾಂಚನ ಕೊಡೋ ವಿಷಯ. ಮೆಗ್ನೀಷಿಯಂ ಅನ್ನ ಹಿಡಿದು ದ್ರಾವಣದಲ್ಲಿ ನಿಲ್ಲಿಸೋ ಶಕ್ತಿ, 66ರವರೆಗೂ ಬಿಸಿ ಮಾಡೋ ಅವಕಾಶ, ಇವೆರಡೂ ಸೇರಿ ಮಾಡಿದ ಕೆಲಸ ಅದು.

ನನ್ನ ರೂಢಿ ಹೇಳೋದಾದ್ರೆ: ಅಲೈಲ್, ಬೆಂಜೈಲ್ ಹ್ಯಾಲೈಡ್‌ಗೆ ಈಥರ್ ಒಳ್ಳೇದು, ಟಿಎಚ್‌ಎಫ್‌ನಲ್ಲಿ ಅವು ತಮ್ಮತಮ್ಮಲ್ಲೇ ಸೇರಿ ಡೈಮರ್ ಆಗೋದು ಜಾಸ್ತಿ. ಕ್ಲೋರೈಡ್, ವಿನೈಲ್ ಇದ್ರೆ ಯೋಚನೆ ಮಾಡದೆ ಟಿಎಚ್‌ಎಫ್. ಶುರುವಾಗೋಕೆ ತಡ ಆಗ್ತಿದೆ ಅಂತ ಹ್ಯಾಲೈಡ್ ಪೂರ್ತಿ ಸುರೀಬೇಡಿ, ಒಂದು ಸಲ ಹೊತ್ತಿಕೊಂಡ್ರೆ ಅಷ್ಟೂ ಒಟ್ಟಿಗೆ ಹೋಗಿ ಕಂಡೆನ್ಸರ್ ಮೇಲಿಂದ ಉಕ್ಕುತ್ತೆ.

ಬೋರೇನ್ ಕೂಡ ಇದೇ ತರ. ಬೋರೇನ್ ತಾನಾಗೇ ಇದ್ರೆ ಎರಡೆರಡು ಜೋಡಿಯಾಗಿ ಡೈಬೋರೇನ್ ಅನ್ನೋ ವಿಷದ ಗ್ಯಾಸ್, ಟಿಎಚ್‌ಎಫ್‌ನ ಆಕ್ಸಿಜನ್ ಸಿಕ್ಕಿದ್ರೆ ಒಂದೊಂದಾಗಿ ಅದಕ್ಕೆ ಅಂಟಿಕೊಂಡು ಬಾಟಲ್‌ನಲ್ಲಿ ಕೂರುತ್ತೆ. ಎಚ್.ಸಿ. ಬ್ರೌನ್ ಅವರ ಹೈಡ್ರೋಬೋರೇಷನ್ (ಡಬಲ್ ಬಾಂಡ್‌ಗೆ ಬೋರೇನ್ ಸೇರಿಸೋ) ಕೆಲಸದಲ್ಲಿ, ಆ ಕೆಲಸಕ್ಕೇ 1979ರ ನೊಬೆಲ್ ಬಂದಿದ್ದು, ಈ ದ್ರಾವಣದ ಪಾತ್ರ ದೊಡ್ಡದು. ಫ್ರಿಜ್‌ನಲ್ಲೇ ಇಡಿ, ಬೆಚ್ಚಗಿದ್ರೆ ಬೋರೇನ್ ತಾನು ಕೂತಿರೋ ರಿಂಗನ್ನೇ ನಿಧಾನಕ್ಕೆ ಒಡೆಯುತ್ತೆ.

ಬ್ಯುಟೈಲ್ ಲಿಥಿಯಂ ಹಾಕಿದ ಮೇಲೆ ಫ್ಲಾಸ್ಕನ್ನ ರೂಮ್ ಟೆಂಪರೇಚರ್‌ನಲ್ಲಿ ಬಿಟ್ಟು ಊಟಕ್ಕೆ ಹೋಗಬಹುದಾ?

ಬೇಡ. ಬ್ಯುಟೈಲ್ ಲಿಥಿಯಂ ತುಂಬಾ ಜೋರಾದ ಬೇಸ್, ಅಂದ್ರೆ ಪ್ರೋಟಾನ್ ಕಿತ್ತುಕೊಳ್ಳೋ ರಿಯೇಜೆಂಟ್, ಅದು ಟಿಎಚ್‌ಎಫ್‌ನ ತಿನ್ನುತ್ತೆ. ಆಕ್ಸಿಜನ್ ಪಕ್ಕದ ಕಾರ್ಬನ್‌ನಿಂದ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತೆ, ಆ ಕ್ಷಣಕ್ಕೆ ರಿಂಗ್ ಎರಡು ತುಂಡು: ಒಂದು ತುಂಡು ಎಥಿಲೀನ್ ಗ್ಯಾಸ್ ಆಗಿ ಹೊರಗೆ ಹೋಗುತ್ತೆ, ಇನ್ನೊಂದು ಅಸಿಟಾಲ್ಡಿಹೈಡ್‌ನ ಈನೊಲೇಟ್ ಆಗಿ ಫ್ಲಾಸ್ಕ್‌ನಲ್ಲೇ ಉಳಿದು ನಿಮ್ಮ ಎಲೆಕ್ಟ್ರೋಫೈಲ್ ಜೊತೆ ಬೇಡದ ರಿಯಾಕ್ಷನ್ ಮಾಡುತ್ತೆ. 20 ಡಿಗ್ರಿಯಲ್ಲಿ ಎನ್-ಬ್ಯುಟೈಲ್ ಲಿಥಿಯಂನ ಹಾಫ್ ಲೈಫ್ ಎರಡು ಗಂಟೆಗಿಂತ ಕಮ್ಮಿ, 0 ಡಿಗ್ರಿಯಲ್ಲಿ 17 ಗಂಟೆ ಆಸುಪಾಸು. ಟರ್ಷರಿ ಬ್ಯುಟೈಲ್ ಇನ್ನೂ ಜೋರು, ಅದನ್ನ ಟಿಎಚ್‌ಎಫ್‌ನಲ್ಲಿ ಮೈನಸ್ 78 ಬಿಟ್ಟು ಮೇಲೆ ತರಬಾರದು. ಯೀಲ್ಡ್ ಯಾಕೆ ಕಮ್ಮಿ ಬಂತು ಅಂತ ತಲೆ ಕೆಡಿಸಿಕೊಂಡವರು ಎಷ್ಟೋ ಸಲ ಬೇಸ್ ಹಳೇದು ಅಂದ್ಕೊಳ್ತಾರೆ, ನಿಜವಾಗಿ ಬಾತ್‌ನಲ್ಲಿ ಐಸ್ ಖಾಲಿಯಾಗಿರುತ್ತೆ.

ವರ್ಕಪ್‌ನಲ್ಲಿ (ರಿಯಾಕ್ಷನ್ ಮುಗಿದ ಮೇಲೆ ಪ್ರಾಡಕ್ಟ್ ಬೇರೆ ಮಾಡೋವಾಗ) ಲೇಯರ್ ಬೇರೆ ಆಗ್ತಾನೇ ಇಲ್ಲ, ಏನ್ ಮಾಡ್ಲಿ?

ಟಿಎಚ್‌ಎಫ್ ನೀರಿಗೂ ಸ್ನೇಹಿತ, ಆರ್ಗ್ಯಾನಿಕ್‌ಗೂ ಸ್ನೇಹಿತ, ಹಾಗಾಗಿ ಇಬ್ಬರ ಮಧ್ಯೆ ನಿಂತು ಇಬ್ಬರನ್ನೂ ಬೇರೆ ಆಗೋಕೆ ಬಿಡಲ್ಲ. ಕ್ವೆಂಚ್ ಮಾಡಿದ (ರಿಯಾಕ್ಷನ್ ನಿಲ್ಲಿಸಿದ) ಮೇಲೆ ಮೊದಲು ರೋಟಾದಲ್ಲಿ (ಕಮ್ಮಿ ಒತ್ತಡದಲ್ಲಿ ಸಾಲ್ವೆಂಟ್ ಆವಿ ಮಾಡೋ ಯಂತ್ರ) ಟಿಎಚ್‌ಎಫ್ ತೆಗೀರಿ, ಆಮೇಲೆ ಈಥೈಲ್ ಅಸಿಟೇಟ್ ಹಾಕಿ ಎಕ್ಸ್‌ಟ್ರಾಕ್ಟ್ ಮಾಡಿ. ಕಲಿಯೋ ದಿನಗಳಲ್ಲಿ ನಾನು ಈ ಹಂತ ಬಿಟ್ಟು ಎರಡು ವಾರದ ಪ್ರಾಡಕ್ಟ್‌ನ ಮುಕ್ಕಾಲು ಭಾಗ ನೀರಿನ ಲೇಯರ್ ಜೊತೆ ಸಿಂಕ್‌ಗೆ ಸುರಿದಿದ್ದೆ. ಅವತ್ತಿಂದ ಕಾಲಂ (ಪ್ರಾಡಕ್ಟ್ ಶುದ್ಧ ಮಾಡೋ ಕೊನೆ ಹಂತ) ಮುಗಿಯೋವರೆಗೂ ಯಾವ ಲೇಯರನ್ನೂ ಎಸೆಯಲ್ಲ. ರೋಟಾ ಮಾಡೋಕೆ ಆಗಲ್ಲ ಅಂದ್ರೆ ಸ್ಯಾಚುರೇಟೆಡ್ ಉಪ್ಪಿನ ದ್ರಾವಣ ಹಾಕಿ, ಉಪ್ಪು ನೀರನ್ನ ತನ್ನ ಕಡೆ ಎಳ್ಕೊಂಡು ಟಿಎಚ್‌ಎಫ್‌ನ ಹೊರಗೆ ತಳ್ಳುತ್ತೆ.

ನೀರು-ಟಿಎಚ್‌ಎಫ್ ಬಗ್ಗೆ ಇನ್ನೊಂದು ಚಂದದ ವಿಷಯ, ಲ್ಯಾಬ್ ಕೆಲಸಕ್ಕೆ ಬೇಡ ಆದ್ರೂ ಹೇಳ್ತೀನಿ. 17 ನೀರಿನ ಅಣುಗೆ ಒಂದು ಟಿಎಚ್‌ಎಫ್ ಲೆಕ್ಕದಲ್ಲಿ, ಅಂದ್ರೆ ತೂಕದಲ್ಲಿ ಸುಮಾರು 19 ಪರ್ಸೆಂಟ್, ಬೆರೆಸಿ ತಣ್ಣಗೆ ಮಾಡಿದ್ರೆ ನೀರು ಪಂಜರ ಕಟ್ಟಿ ಒಳಗೆ ಟಿಎಚ್‌ಎಫ್ ಅಣುವನ್ನ ಕೂರಿಸಿಕೊಳ್ಳುತ್ತೆ. ಈ ಹರಳು ಕರಗೋದು 4.4 ಡಿಗ್ರಿಗೆ, ಅಂದ್ರೆ ಮಾಮೂಲಿ ಐಸ್ ಕರಗಿ ನೀರಾಗಿರೋವಾಗ್ಲೂ ಇದು ಗಟ್ಟಿಯಾಗೇ ಇರುತ್ತೆ. ಸಮುದ್ರದ ತಳದ ಮೀಥೇನ್ ಹೈಡ್ರೇಟ್ ಓದೋವರಿಗೆ ಹೈ ಪ್ರೆಷರ್ ಇಲ್ಲದೆ ಅಂಥದ್ದೇ ಪಂಜರ ಮೇಜಿನ ಮೇಲೆ ಮಾಡೋಕೆ ಇದು ಸಹಾಯ ಮಾಡುತ್ತೆ.

ಒಣಗಿಸೋಕೆ, ಅಂದ್ರೆ ಟಿಎಚ್‌ಎಫ್‌ನಲ್ಲಿರೋ ನೀರು ತೆಗೆಯೋಕೆ, ಸೋಡಿಯಂ-ಬೆಂಜೋಫಿನೋನ್ ಬೇಕೇ ಬೇಕಾ?

ನನ್ನ ಉತ್ತರ ಬೇಡ ಅಂತ. ಆ ಗಾಢ ನೀಲಿ ಬಣ್ಣ ನೋಡೋಕೆ ಚೆಂದ, ಸೋಡಿಯಂ, ಬೆಂಜೋಫಿನೋನ್ ಸೇರಿ ಆಗೋ, ಜೋಡಿ ಇಲ್ಲದ ಎಲೆಕ್ಟ್ರಾನ್ ಇರೋ ಕೀಟಿಲ್ ರಾಡಿಕಲ್‌ನ ಬಣ್ಣ ಅದು, ನೀರೂ ಗಾಳಿಯ ಆಕ್ಸಿಜನ್ನೂ ಹೋಗಿವೆ ಅಂತ ಹೇಳುತ್ತೆ. ಆದ್ರೆ ಸೋಡಿಯಂ, ಬಿಸಿ, ಹೊತ್ತಿಕೊಳ್ಳೋ ಸಾಲ್ವೆಂಟ್ ಮೂರೂ ಒಂದೇ ಪಾತ್ರೆಯಲ್ಲಿ ದಿನಗಟ್ಟಲೆ ಇರೋದು ಅಂದ್ರೆ ಬೆಂಕಿಗೆ ಕರೆ ಕೊಟ್ಟ ಹಾಗೆ. 2010ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಸೋಡಿಯಂ-ಬೆಂಜೋಫಿನೋನ್ ಮೇಲೆ ಎರಡು ದಿನ ಇಟ್ಟ ಟಿಎಚ್‌ಎಫ್‌ನಲ್ಲಿ 43 ಪಿಪಿಎಂ ನೀರು ಉಳಿದಿತ್ತು, 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ಸ್ (ನೀರನ್ನ ಹೀರೋ ಸಣ್ಣ ರಂಧ್ರದ ಮಣಿಗಳು) 20 ಪರ್ಸೆಂಟ್ ಹಾಕಿ ಮೂರು ದಿನ ಸುಮ್ನೆ ಇಟ್ಟಿದ್ದರಲ್ಲಿ 4 ಪಿಪಿಎಂ. ಸೀವ್ಸನ್ನ 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿರಬೇಕು ಅಷ್ಟೇ. ಅಲ್ಯೂಮಿನಾ ಕಾಲಂ ಇದ್ರೆ ಇನ್ನೂ ಸಲೀಸು, ಅದು ಪೆರಾಕ್ಸೈಡನ್ನೂ (ಗಾಳಿ ಸೇರಿ ಆಗೋ, ಸಿಡಿಯೋ ವಸ್ತು, ಕೆಳಗೆ ಹೇಳ್ತೀನಿ) ಹಿಡಿಯುತ್ತೆ. ಸೀವ್ಸ್ ಪೆರಾಕ್ಸೈಡ್ ಹಿಡಿಯಲ್ಲ, ಇದನ್ನ ಕೆಂಪು ಇಂಕಲ್ಲಿ ಬರೆದಿಟ್ಕೊಳ್ಳಿ.

ಇನ್ನೊಂದು: ಹಳೇ ಟಿಎಚ್‌ಎಫ್‌ಗೆ ಕೆಓಎಚ್ (ಪೊಟಾಷಿಯಂ ಹೈಡ್ರಾಕ್ಸೈಡ್) ಹಾಕಿ ಒಣಗಿಸಬೇಡಿ. ಪೆರಾಕ್ಸೈಡ್ ಇದ್ರೆ ಸ್ಫೋಟ ಆಗಿರೋ ದಾಖಲೆಗಳಿವೆ.

ಎನ್‌ಎಂಆರ್‌ನಲ್ಲಿ ಗೊತ್ತಿಲ್ಲದ ಪೀಕ್ ಬರ್ತಿದೆ, ಟಿಎಚ್‌ಎಫ್‌ದಾ?

ಎನ್‌ಎಂಆರ್ ಅಂದ್ರೆ ಅಣುವಿನ ಹೈಡ್ರೋಜನ್‌ಗಳು ಎಂಥ ಜಾಗದಲ್ಲಿವೆ ಅಂತ ಪೀಕ್‌ಗಳಲ್ಲಿ ತೋರಿಸೋ ಅಳತೆ. ಕ್ಲೋರೋಫಾರ್ಮ್-ಡಿ ಒಳಗೆ ಟಿಎಚ್‌ಎಫ್ 3.76 ಮತ್ತು 1.85ರಲ್ಲಿ ಬರುತ್ತೆ, ಎರಡೂ ನಾಲ್ಕು ನಾಲ್ಕು ಹೈಡ್ರೋಜನ್. ಎಷ್ಟು ಪಂಪ್ ಮಾಡಿದ್ರೂ ಹೋಗ್ತಿಲ್ಲ ಅಂದ್ರೆ ನಿಮ್ಮ ಲೋಹದ ಕಾಂಪ್ಲೆಕ್ಸ್‌ಗೆ ಅಂಟಿಕೊಂಡಿರಬಹುದು. 6.98, 5.01, 2.27, 1.43 ಈ ನಾಲ್ಕೂ ಕಂಡ್ರೆ ಅದು ಬಿಎಚ್‌ಟಿ, ಪೆರಾಕ್ಸೈಡ್ ತಡೆಯೋಕೆ ಬಾಟಲ್‌ಗೆ ಸಾಮಾನ್ಯವಾಗಿ 250 ಪಿಪಿಎಂ ಹಾಕಿರ್ತಾರೆ. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ಟಿಎಚ್‌ಎಫ್ 889 ಗ್ರಾಂ, ಅದನ್ನ ಪೂರ್ತಿ ಆವಿ ಮಾಡಿದ್ರೆ 220 ಮಿಲಿಗ್ರಾಂ ಬಿಎಚ್‌ಟಿ ಫ್ಲಾಸ್ಕ್‌ನಲ್ಲಿ ಉಳಿಯುತ್ತೆ. ಕಾಲಂಗೆ ಟಿಎಚ್‌ಎಫ್ ಬಳಸಿ 50 ಮಿಲಿಗ್ರಾಂ ಕಾಂಪೌಂಡ್ ತೆಗೆಯೋವರು ಇದನ್ನ ಯೋಚಿಸಬೇಕು.

ಗ್ಲೌಸ್ ಹಾಕಿದ್ರೆ ಸಾಕಾ? ಆರೋಗ್ಯಕ್ಕೆ ಏನು ತೊಂದರೆ?

ಮಾಮೂಲಿ ತೆಳು ನೈಟ್ರೈಲ್ ಗ್ಲೌಸ್‌ನಲ್ಲಿ ಟಿಎಚ್‌ಎಫ್ ಬೇಗ ಒಳಗೆ ನುಗ್ಗಿಬಿಡುತ್ತೆ, ಚೆಲ್ಲಿದ್ರೆ ತಕ್ಷಣ ತೆಗೆದು ಬದಲಾಯಿಸಿ. ಪಿವಿಸಿಯನ್ನ ಕರಗಿಸುತ್ತೆ, ಪೈಪ್ ಅಂಟಿಸೋ ಸಿಮೆಂಟ್‌ನಲ್ಲಿ ಇದನ್ನ ಹಾಕೋದೇ ಅದಕ್ಕೆ, ಹಾಗಾಗಿ ಪಿವಿಸಿ ಟ್ಯೂಬ್ ಹತ್ರ ತರಬೇಡಿ. ಆವಿ ಕಣ್ಣು ಮೂಗು ಉರಿಸುತ್ತೆ, ಜಾಸ್ತಿ ಆದ್ರೆ ತಲೆ ಸುತ್ತುತ್ತೆ. ಎಂಟು ಗಂಟೆ ಕೆಲಸಕ್ಕೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಇಟ್ಟಿರೋ ಮಿತಿ 200 ಪಿಪಿಎಂ. ಐಎಆರ್‌ಸಿ (ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ) ಇದನ್ನ 2ಬಿ ಗುಂಪಿಗೆ ಸೇರಿಸಿದೆ, ಮನುಷ್ಯರಲ್ಲಿ ಕ್ಯಾನ್ಸರ್ ತರಿಸೋ ಸಾಧ್ಯತೆ ಇರಬಹುದು ಅನ್ನೋ ಗುಂಪು. ಫ್ಯೂರಾನ್ ಕೂಡ ಅದೇ ಗುಂಪಲ್ಲಿದೆ. ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳೋಕೆ ಸಾಕಾಗೋ ಕನಿಷ್ಠ ಟೆಂಪರೇಚರ್) ಮೈನಸ್ 14, ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಬೆಂಚ್ ಮೇಲಿಂದ ಇಳಿದು ನೆಲದ ಮೇಲೆ ಹರಿದು ದೂರದ ಹಾಟ್ ಪ್ಲೇಟ್‌ನ ಹುಡುಕಿಕೊಂಡು ಹೋಗುತ್ತೆ. ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಬದಲಿಗೆ 2-ಮೀಥೈಲ್‌ಟಿಎಚ್‌ಎಫ್ ಬಳಸಬಹುದಾ?

ಎಷ್ಟೋ ಕಡೆ ಬಳಸಬಹುದು, ನಾನು ಬಳಸ್ತೀನಿ. ಫರ್ಫ್ಯೂರಾಲ್‌ನಿಂದ ಮಾಡೋದು, ಅಂದ್ರೆ ಬೆಳೆಯ ಉಳಿಕೆಯಿಂದ. 80 ಡಿಗ್ರಿಗೆ ಕುದಿಯುತ್ತೆ, ನೀರಿನ ಜೊತೆ ಪೂರ್ತಿ ಬೆರೆಯಲ್ಲ, ಹಾಗಾಗಿ ಮೇಲೆ ಹೇಳಿದ ವರ್ಕಪ್ ಕಷ್ಟ ಇಲ್ಲ. ಬ್ಯುಟೈಲ್ ಲಿಥಿಯಂ ಇದರಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಆದ್ರೆ ಪೆರಾಕ್ಸೈಡ್ ಇದ್ರಲ್ಲೂ ಆಗುತ್ತೆ.

ಈ ರಿಂಗ್ ಪ್ರಕೃತಿಯಲ್ಲಿ ಇದ್ಯಾ?

ನಿಮ್ಮ ಒಂದೊಂದು ಜೀವಕೋಶದಲ್ಲೂ ಇದೆ. ಡಿಎನ್‌ಎ, ಆರ್‌ಎನ್‌ಎ ಎರಡರ ಸಕ್ಕರೆಯೂ ಟಿಎಚ್‌ಎಫ್ ರಿಂಗೇ, ಸುತ್ತ ಓಎಚ್ ಗುಂಪುಗಳು ಜೋಡಿಸಿರೋದು. ಶುರುವಲ್ಲಿ ಹೇಳಿದ ಲಕೋಟೆ ಆಟ ಅಲ್ಲೂ ನಡೆಯುತ್ತೆ: ಮಾಮೂಲಿ ಬಿ-ಡಿಎನ್‌ಎಯಲ್ಲಿ ಎರಡನೇ ಕಾರ್ಬನ್ ಎದ್ದಿರುತ್ತೆ, ಆರ್‌ಎನ್‌ಎಯಲ್ಲಿ ಮೂರನೇದು, ಆ ಸಣ್ಣ ವ್ಯತ್ಯಾಸದಿಂದ ಇಡೀ ಸುರುಳಿಯ ಆಕಾರ ಬದಲಾಗುತ್ತೆ. ಮೊನೆನ್ಸಿನ್ ಅನ್ನೋ ಆಂಟಿಬಯೋಟಿಕ್‌ನಲ್ಲಿ ಇಂಥ ರಿಂಗ್‌ಗಳು ಸಾಲಾಗಿ ಇವೆ, ಅವುಗಳ ಆಕ್ಸಿಜನ್‌ಗಳು ಒಳಮುಖವಾಗಿ ತಿರುಗಿ ಸೋಡಿಯಂ ಅಯಾನನ್ನ ಹಿಡಿದು ಬ್ಯಾಕ್ಟೀರಿಯಾದ ಪೊರೆ ದಾಟಿಸ್ತವೆ. ಫ್ಲಾಸ್ಕ್‌ನಲ್ಲಿ ಮೆಗ್ನೀಷಿಯಂ ಹಿಡಿಯೋ ಅದೇ ಲೋನ್ ಪೇರ್.

ಪೆರಾಕ್ಸೈಡ್ ಅಂತ ಎಲ್ಲರೂ ಹೆದರಿಸ್ತಾರೆ, ನಿಜಕ್ಕೂ ಏನಾಗುತ್ತೆ?

ಆಕ್ಸಿಜನ್ ಪಕ್ಕದ ಕಾರ್ಬನ್‌ನ ಮತ್ತೆ ಅದಕ್ಕಂಟಿರೋ ಹೈಡ್ರೋಜನ್‌ನ ನಡುವಿನ ಬಾಂಡ್ ಉಳಿದವಕ್ಕಿಂತ ಸಡಿಲ. ಸೈಕ್ಲೋಹೆಕ್ಸೇನ್‌ನಲ್ಲಿ ಒಂದು ಹೈಡ್ರೋಜನ್ ಕೀಳೋಕೆ 415 ಕಿಲೋಜೂಲ್ ಆಸುಪಾಸು ಬೇಕು, ಟಿಎಚ್‌ಎಫ್‌ನ ಈ ಜಾಗದಲ್ಲಿ 385 ಸಾಕು, ಯಾಕಂದ್ರೆ ಹೈಡ್ರೋಜನ್ ಹೋದ ಮೇಲೆ ಉಳಿಯೋ ರಾಡಿಕಲ್‌ಗೆ ಪಕ್ಕದ ಲೋನ್ ಪೇರ್ ಆಸರೆ ಕೊಡುತ್ತೆ. ಬೆಳಕೋ ಇನ್ಯಾವುದೋ ರಾಡಿಕಲ್ಲೋ ಒಂದು ಹೈಡ್ರೋಜನ್ ಕಿತ್ತರೆ ಸಾಕು, ಗಾಳಿಯ ಆಕ್ಸಿಜನ್ ಅಲ್ಲಿಗೆ ಬಂದು ಕೂರುತ್ತೆ, ಅದು ಪಕ್ಕದ ಟಿಎಚ್‌ಎಫ್‌ನಿಂದ ಹೈಡ್ರೋಜನ್ ಕಿತ್ತು ತಾನು ಹೈಡ್ರೋಪೆರಾಕ್ಸೈಡ್ ಆಗುತ್ತೆ, ಆ ಪಕ್ಕದ್ದು ಈಗ ರಾಡಿಕಲ್, ಹೀಗೇ ಸರಪಳಿ ಮುಂದುವರಿಯುತ್ತೆ. ಬಿಎಚ್‌ಟಿ ಈ ಸರಪಳಿಯನ್ನ ಮಧ್ಯದಲ್ಲಿ ಕಡಿಯುತ್ತೆ ಅಷ್ಟೇ, ತಾನೂ ಖರ್ಚಾಗ್ತಾ ಹೋಗುತ್ತೆ.

ಬಾಟಲ್‌ನಲ್ಲಿ ಸ್ವಲ್ಪ ಸ್ವಲ್ಪ ಇರೋವರೆಗೂ ಅಂಥಾ ಅಪಾಯ ಕಾಣಲ್ಲ. ಅಪಾಯ ಬರೋದು ಡಿಸ್ಟಿಲ್ ಮಾಡೋವಾಗ. ಟಿಎಚ್‌ಎಫ್ 66ಕ್ಕೆ ಆವಿಯಾಗಿ ಹೋಗುತ್ತೆ, ಪೆರಾಕ್ಸೈಡ್ ಅಷ್ಟು ಸುಲಭಕ್ಕೆ ಆವಿಯಾಗಲ್ಲ, ತಳದಲ್ಲಿ ಸೇರ್ತಾ ಸೇರ್ತಾ ಗಟ್ಟಿಯಾಗುತ್ತೆ, ಕೊನೆಗೆ ಬಿಸಿ ತಗುಲಿ ಸಿಡಿಯುತ್ತೆ. ಅದಕ್ಕೇ ಟೆಸ್ಟ್ ಮಾಡದೆ ಡಿಸ್ಟಿಲ್ ಮಾಡಬಾರದು, ಮಾಡಿದ್ರೂ ಪೂರ್ತಿ ಒಣಗೋವರೆಗೂ ಓಡಿಸಬಾರದು, ತಳದಲ್ಲಿ ಒಂದಿಷ್ಟು ಬಿಡಲೇಬೇಕು. ಡಿಸ್ಟಿಲ್ ಮಾಡಿ ತೆಗೆದ ಟಿಎಚ್‌ಎಫ್‌ನಲ್ಲಿ ಬಿಎಚ್‌ಟಿ ಇರಲ್ಲ ಅನ್ನೋದನ್ನೂ ನೆನಪಿಡಿ, ಅದು ತಳದಲ್ಲೇ ಉಳಿದಿರುತ್ತೆ, ಶುದ್ಧವಾದ ಟಿಎಚ್‌ಎಫ್‌ಗೇ ಕಾವಲು ಇಲ್ಲ.

ಟೆಸ್ಟ್ ಹೇಗೆ ಮಾಡೋದು? ಪಾಸಿಟಿವ್ ಬಂದ್ರೆ?

ಪೆರಾಕ್ಸೈಡ್ ಸ್ಟ್ರಿಪ್ ಸಿಗುತ್ತೆ, ಅದ್ದಿ, ಸಾಲ್ವೆಂಟ್ ಆರಿದ ಮೇಲೆ ಒಂದು ಹನಿ ನೀರು ಹಾಕಿ, ನೀಲಿ ಎಷ್ಟು ಗಾಢ ಅಂತ ಡಬ್ಬಿ ಮೇಲಿನ ಬಣ್ಣಕ್ಕೆ ಹೋಲಿಸಿ. ಸ್ಟ್ರಿಪ್ ಇಲ್ಲಾಂದ್ರೆ ಪೊಟಾಷಿಯಂ ಅಯೋಡೈಡನ್ನ ಅಸಿಟಿಕ್ ಆಸಿಡ್‌ನಲ್ಲಿ ಹಾಕಿ ಸ್ವಲ್ಪ ಟಿಎಚ್‌ಎಫ್ ಸೇರಿಸಿ, ಹಳದಿ ಬಂದ್ರೆ ಇದೆ, ಕಂದು ಬಂದ್ರೆ ತುಂಬಾ ಇದೆ. ತುಂಬಾ ಲ್ಯಾಬ್‌ಗಳು ಪಾಲಿಸೋ ಲೆಕ್ಕ: 25 ಪಿಪಿಎಂ ಒಳಗಿದ್ರೆ ಮಾಮೂಲಿ ಕೆಲಸಕ್ಕೆ ಸರಿ, 25ರಿಂದ 100 ಇದ್ರೆ ಡಿಸ್ಟಿಲ್ ಮಾಡೋಂಗಿಲ್ಲ, 100 ದಾಟಿದ್ರೆ ಬಳಸೋಂಗಿಲ್ಲ. ಕಮ್ಮಿ ಇದ್ರೆ ಅಲ್ಯೂಮಿನಾ ಕಾಲಂ ಮೂಲಕ ಇಳಿಸಿ ಮತ್ತೆ ಟೆಸ್ಟ್ ಮಾಡಿ, ಆ ಅಲ್ಯೂಮಿನಾದಲ್ಲಿ ಈಗ ಪೆರಾಕ್ಸೈಡ್ ಇದೆ, ಒಣಗೋಕೆ ಬಿಡದೆ ಫೆರಸ್ ಸಲ್ಫೇಟ್ ದ್ರಾವಣದಲ್ಲಿ ಹಾಕಿ.

ಬಾಟಲ್ ತೆರೆದ ದಿನ ಮುಚ್ಚಳದ ಹತ್ರ ತಾರೀಕು ಬರೀರಿ, ಎರಡು ಸೆಕೆಂಡ್ ಕೆಲಸ. ನಾನು ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡ್ತೀನಿ, ಬಿಎಚ್‌ಟಿ ಇಲ್ಲದ್ದನ್ನ ಅದಕ್ಕಿಂತ ಬೇಗ, ಅದನ್ನ ಆರ್ಗಾನ್ ಕೆಳಗೆ ಕತ್ತಲಲ್ಲಿ ಇಡ್ತೀನಿ. ಫ್ರಿಜ್‌ನಲ್ಲಿ ಇಟ್ರೆ ಪೆರಾಕ್ಸೈಡ್ ಆಗಲ್ಲ ಅಂತ ಕೆಲವರು ನಂಬಿದ್ದಾರೆ, ತಣ್ಣಗಿದ್ರೆ ನಿಧಾನ ಆಗುತ್ತೆ, ನಿಲ್ಲಲ್ಲ.

ಕಪಾಟಿನ ಹಿಂದೆ ತಾರೀಕಿಲ್ಲದ ಹಳೇ ಬಾಟಲ್ ಸಿಕ್ತು, ಮುಚ್ಚಳದ ಸುತ್ತ ಬಿಳಿ ಹರಳು ಇದೆ. ಏನ್ ಮಾಡ್ಲಿ?

ಮುಟ್ಟಬೇಡಿ. ಮುಚ್ಚಳ ತಿರುಗಿಸಿ ನೋಡೋದೂ ಬೇಡ, ಅಲ್ಲಾಡಿಸೋದೂ ಬೇಡ, ಸ್ಟ್ರಿಪ್ ಹಾಕಿ ಟೆಸ್ಟ್ ಮಾಡೋಣ ಅನ್ನೋ ಯೋಚನೇನೂ ಬೇಡ, ಮುಚ್ಚಳದ ಸುತ್ತ ಅಂಟಿರೋ ಹರಳಿಗೆ ಆ ತಿಕ್ಕಾಟವೇ ಸಾಕಾಗಬಹುದು. ಕಪಾಟಿನ ಬಾಗಿಲು ಹಾಗೇ ಬಿಟ್ಟು ಹಿಂದೆ ಸರೀರಿ, ಒಳಗಿರೋರನ್ನೆಲ್ಲ ಹೊರಗೆ ಕರ್ಕೊಂಡು ಬನ್ನಿ, ಲ್ಯಾಬ್ ಬಾಗಿಲಿಗೆ ಚೀಟಿ ಅಂಟಿಸಿ, ಸೇಫ್ಟಿ ನೋಡ್ಕೊಳ್ಳೋವರಿಗೆ ಫೋನ್ ಮಾಡಿ. ಅವರು ಬರೋವರೆಗೂ ಬಾಗಿಲ ಹತ್ರ ಯಾರಾದ್ರೂ ಒಬ್ಬರು ನಿಂತಿರಿ, ವಿಷಯ ಗೊತ್ತಿಲ್ಲದ ಇನ್ಯಾರೋ ಬಂದು ಒಳಗೆ ಹೋಗದ ಹಾಗೆ.